ಕಲ್ಲು ಹೋಯಿತು, ನಕಲು ಉಳಿಯಿತು

ಸರಕಾರಿ ಕಛೇರಿಯ ಗುಮಾಸ್ತನಿಗೆ ನೆರೆಹೊರೆಯವರಿಂದ ಬರುವ ಕೆಲಸಗಳು ಸಾಮಾನ್ಯವಾಗಿ ಮೂರು ಬಗೆಯವು. ರೇಶನ್ ಕಾರ್ಡಿನಲ್ಲಿ ಹೆಸರು ಸೇರಿಸಲು ಅರ್ಜಿ ಬರೆದುಕೊಡುವುದು ಒಂದು; ನಿವೃತ್ತರಾದವರ ಪೆನ್ಶನ್ ಕಾಗದ ಯಾವ ಮೇಜಿನ ಮೇಲೆ ಮಲಗಿದೆಯೆಂದು ವಿಚಾರಿಸುವುದು ಎರಡು; ಇಲ್ಲಿಯ ದಫ್ತರಗಳಲ್ಲಿ ಬೇರೆಯೇ ರೂಪ ತಾಳಿದ ನಮ್ಮ ಕನ್ನಡದ ಅಡ್ಡಹೆಸರುಗಳನ್ನು ಮತ್ತೆ ಮೊದಲಿನ ರೂಪಕ್ಕೆ ತರಿಸುವುದು ಮೂರು. ಹತ್ತು ವರ್ಷದಿಂದ ಶಹಾಡಿನಲ್ಲಿದ್ದು ಈ ಮೂರರಲ್ಲೂ ನಾನು ಸಾಕಷ್ಟು ಪಳಗಿದ್ದೇನೆ. ಆದರೆ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕನೆಯ ಬಗೆಯ ಕೆಲಸವೊಂದು ನನ್ನ ಪಾಲಿಗೆ ಬಂತು. ನೂರೆಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಮನುಷ್ಯನೊಬ್ಬನನ್ನು ಎಲ್ಲಿ ಹೂಳಿದರೆಂದು ಕಂಡುಹಿಡಿಯಬೇಕು. ಹೂಳಿದ ಸ್ಮಶಾನವೂ ಈಗಿಲ್ಲ, ಅದರ ಮಗ್ಗುಲಲ್ಲಿದ್ದ ಚರ್ಚೂ ಈಗಿಲ್ಲ!

ಕೆಲಸ ತಂದವರು ನಮ್ಮ ಚಾಳಿನ ಕೊನೆಯ ಮನೆಯ ಹಿರಿಯರು. ವಯಸ್ಸು ಎಂಬತ್ತರ ಆಚೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ಈ ಕಡೆಗೆ ಬಂದು, ಗಿರಣಿಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಕ್ರೈಸ್ತರು. ಬೆಳಗಿನ ಹೊತ್ತು ಬೈಬಲನ್ನು ಓದುವುದು ಕನ್ನಡದಲ್ಲಿ, ಸಂಜೆ ತರಕಾರಿಯವನೊಡನೆ ಚೌಕಾಸಿ ಮಾಡುವುದು ಮರಾಠಿಯಲ್ಲಿ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರಿಗೆ ನಾನು ‘ಗುಮಾಸ್ತರು’. ಮನೆಯವರನ್ನು ಕಳೆದುಕೊಂಡು ಆಗ ಎಂಟು ತಿಂಗಳಾಗಿತ್ತು.

“ನೋಡಪ್ಪಾ ಗುಮಾಸ್ತರೇ,” ಎಂದರು ಒಂದು ದಿನ, “ನನ್ನ ಅಜ್ಜನ ತಾಯಿಯ ತಂದೆ ಬೆಂಗಳೂರಿನ ಪಲ್ಟಣಿನಲ್ಲಿ ಡ್ರಮ್ಮು ಬಾರಿಸುತ್ತಿದ್ದನಂತೆ. ಕೋಟೆಯೊಳಗಿನ ಹಳೆಯ ಚರ್ಚಿನ ಹತ್ತಿರ ಅವನನ್ನು ಹೂಳಿದರು ಅಂತ ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಅದು ನಿಜವೋ ಅಲ್ಲವೋ, ಎಲ್ಲಾದರೂ ಬರೆದಿಟ್ಟಿದ್ದಾರೋ ಇಲ್ಲವೋ, ಸ್ವಲ್ಪ ನೋಡಬೇಕಲ್ಲ.”

ಈ ವಯಸ್ಸಿನಲ್ಲಿ ಇದೇಕೆ ಎಂದು ನನಗೆ ಅನ್ನಿಸಿತು, ಬಾಯಿಬಿಟ್ಟು ಕೇಳಲಿಲ್ಲ. ಕಾರಣವನ್ನು ಅವರೇ ತಡೆದು ತಡೆದು ಹೇಳಿದರು. ಮುಂಬಯಿ, ಠಾಣೆಗಳ ಕಡೆ ಜಾಗದ ಅಭಾವ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಬದುಕಿದ್ದವರಿಗೆ ಹೇಗೋ ಸತ್ತವರಿಗೂ ಹಾಗೆಯೇ. ದುಡ್ಡು ಕೊಟ್ಟು ಕಾಯಂ ಜಾಗ ಪಡೆದವರದನ್ನು ಬಿಟ್ಟರೆ ಉಳಿದವರ ಗೋರಿಯನ್ನು ಕೆಲವು ವರ್ಷ ಕಳೆದ ಮೇಲೆ ಮತ್ತೆ ತೋಡಿ ಇನ್ನೊಬ್ಬರಿಗೆ ಕೊಡುವುದು ಇಲ್ಲಿಯ ಅನೇಕ ಸ್ಮಶಾನಗಳಲ್ಲಿ ರೂಢಿ. ಕಾಕಾರ ಮನೆಯವರು ಮಲಗಿರುವುದು ಅಂಥ ಗೋರಿಯಲ್ಲೇ. “ನಾಳೆ ಅಲ್ಲಿ ಬೇರೆಯವರ ಶಿಲುಬೆ ನಿಲ್ಲುತ್ತದೆ. ನಿಲ್ಲಲಿ, ಅವರೂ ಮನುಷ್ಯರೇ. ಆದರೆ ಕಲ್ಲು ಹೋದ ಮೇಲೆ ಹೆಸರು ಉಳಿಯುತ್ತದೆಯೇ ಅಂತ ನನಗೆ ತಿಳಿಯಬೇಕು,” ಎಂದರು. ಹಿರಿಯನ ಗೋರಿಯನ್ನು ಅವರು ಯಾಕೆ ಹುಡುಕಿಸುತ್ತಿದ್ದರೆಂದು ಆಗ ನನಗೆ ಅರ್ಥವಾಯಿತು.

ಕೋಟೆಯ ಚರ್ಚು

ಮೊದಲು ಆ ಚರ್ಚಿನ ಕಥೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಇಳಿದವರು ಹಳೆಯ ಕೋಟೆಯ ಉಳಿದ ಒಂದು ತುಂಡನ್ನೂ ಅದರ ಎತ್ತರದ ಬಾಗಿಲನ್ನೂ ನೋಡಿರುತ್ತಾರೆ. ೧೭೯೧ರ ಮಾರ್ಚಿ ತಿಂಗಳಲ್ಲಿ ಲಾರ್ಡ್ ಕಾರ್ನವಾಲಿಸನ ಸೈನ್ಯ ಟಿಪ್ಪೂ ಸುಲ್ತಾನನ ಬೆಂಗಳೂರಿನ ಮೇಲೆ ಬಿದ್ದಿತು. ೭ನೆಯ ತಾರೀಖು ಪೇಟೆ ಅವರ ವಶವಾಯಿತು; ೨೧ರ ರಾತ್ರಿ ಕೋಟೆಗೆ ಲಗ್ಗೆ ಹಾಕಿದರು. ಕೋಟೆಯ ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಬಿದ್ದನು. ಪೇಟೆಯ ಬಾಗಿಲಲ್ಲಿ ಇಂಗ್ಲಿಷರ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಮಡಿದಿದ್ದನು. ಆ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳಿಗಾಗಿ ಕೋಟೆಯ ಮಗ್ಗುಲಲ್ಲಿ ಒಂದು ಸ್ಮಶಾನ ಹುಟ್ಟಿಕೊಂಡಿತು. ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೈಸೂರು ಸೀಮೆಯ ನೋಟಗಳನ್ನು ೧೭೯೪ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದಾಗ ಈ ಸ್ಮಶಾನದ ಚಿತ್ರವನ್ನೂ ಅದರಲ್ಲಿ ಸೇರಿಸಿದನು.

೧೯ನೆಯ ಶತಮಾನದ ಆರಂಭದಲ್ಲಿ ಅಲ್ಲೊಂದು ಚರ್ಚು ಎದ್ದಿತು. ಕೋಟೆ ಚರ್ಚು ಎಂದೂ ಡ್ರಮಂಡ್ ಚರ್ಚು ಎಂದೂ ಅದನ್ನು ಕರೆಯುತ್ತಿದ್ದರು. ದಂಡಿನ ಪ್ರದೇಶ ಹಲಸೂರಿನ ಕಡೆ ಬೆಳೆದು ಅಲ್ಲಿ ದೊಡ್ಡ ಚರ್ಚುಗಳಾದ ಮೇಲೂ ಕೋಟೆಯ ಸುತ್ತಮುತ್ತ ಇದ್ದ ಕ್ರೈಸ್ತ ಕುಟುಂಬಗಳಿಗೆ ಇದೇ ಚರ್ಚು. ಸ್ಮಶಾನಕ್ಕೆ ಮೈಸೂರು ಸರಕಾರವೇ ಗೋಡೆ ಕಟ್ಟಿಸಿ ಗೇಟು ಇಡಿಸಿತ್ತು. ೧೮೯೫ರ ಸುಮಾರಿಗೆ ಅಲ್ಲಿ ಸೈಪ್ರಸ್ ಮರಗಳೂ ಗುಲಾಬಿ ಗಿಡಗಳೂ ಇದ್ದುವಂತೆ. ಮದರಾಸು ಸೀಮೆಯ ಚರ್ಚುಗಳ ಇತಿಹಾಸ ಬರೆದ ಪಾದ್ರಿ ಫ್ರಾಂಕ್ ಪೆನಿಯವರು ೧೯೧೨ರಲ್ಲಿ ಸ್ಮಶಾನ ಇನ್ನೂ ಇದ್ದುದನ್ನು ದಾಖಲಿಸಿದ್ದಾರೆ. ಆಮೇಲೆ ಅದು ಹೇಳಹೆಸರಿಲ್ಲದಂತೆ ಹೋಯಿತು. ಕೋಟೆಯ ಮೈದಾನದಲ್ಲಿ ಆಸ್ಪತ್ರೆಗಳು, ಶಾಲೆಗಳು, ರಸ್ತೆಗಳು ಬಂದುವು. ಚರ್ಚನ್ನು ಸರಕಾರ ತೆಗೆದುಕೊಂಡು ಕೆಡವಿಸಿತು. ಅದಕ್ಕೆ ಬದಲಾಗಿ ಚಾಮರಾಜಪೇಟೆಯಲ್ಲಿ ಸಂತ ಲೂಕನ ಹೆಸರಿನ ಹೊಸ ಚರ್ಚು ೧೯೩೫ರಲ್ಲಿ ತೆರೆಯಿತು. ಕಾಕಾ ಹುಡುಗರಾಗಿದ್ದಾಗ ಭಾನುವಾರ ಹೋಗುತ್ತಿದ್ದುದು ಈ ಹೊಸ ಚರ್ಚಿಗೆ. ಹಳೆಯದನ್ನು ಕಣ್ಣಾರೆ ಕಂಡವರು ಅವರ ತಂದೆ.

ಇದೇ ಯುದ್ಧದ ನೆನಪಿಗೆ ಪೇಟೆಯ ಹೊರಗೆ, ಈಗಿನ ಕಾರ್ಪೊರೇಶನ್ ಕಟ್ಟಡದ ಹತ್ತಿರ, ಸತ್ತ ಅಧಿಕಾರಿಗಳ ಹೆಸರು ಕೆತ್ತಿದ ಎತ್ತರವಾದ ಸ್ತಂಭವೂ ಒಂದಿತ್ತು. ಜನ ಒತ್ತಾಯ ಮಾಡಿದ್ದರಿಂದ ೧೯೬೪ರ ಅಕ್ಟೋಬರಿನಲ್ಲಿ ನಗರಸಭೆ ಅದನ್ನು ಕೆಡವಿಸಿತು. ಪರಕೀಯರ ವಿಜಯಸ್ತಂಭ ನಡುಬೀದಿಯಲ್ಲಿ ಯಾಕಿರಬೇಕು ಎಂಬ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಸ್ತಂಭದ ಹೆಸರು ಹೊತ್ತಿದ್ದ ರಸ್ತೆ ಇಂದು ನೃಪತುಂಗ ರಸ್ತೆ. ಅಂತೂ ಚರ್ಚು ಹೋಯಿತು, ಸ್ಮಶಾನ ಹೋಯಿತು, ಸ್ತಂಭವೂ ಹೋಯಿತು. ಇನ್ನು ಡ್ರಮ್ಮು ಬಾರಿಸುತ್ತಿದ್ದ ಬಡಪಾಯಿಯ ಕಲ್ಲು ಎಲ್ಲಿಂದ ಸಿಗಬೇಕು? ಅಂಥವನಿಗೆ ಕಲ್ಲು ಇತ್ತೆಂಬುದಕ್ಕೇ ಭರವಸೆಯಿಲ್ಲ.

ಗುಮಾಸ್ತನ ದಾರಿ

ಆದರೆ ಗುಮಾಸ್ತನಾದವನು ಕಲ್ಲನ್ನು ನಂಬಿ ಬದುಕುವವನಲ್ಲ. ಅವನ ನಂಬಿಕೆಯೆಲ್ಲ ಕಾಗದದ ಮೇಲೆ; ಅದರಲ್ಲೂ ಎರಡನೆಯ ಪ್ರತಿಯ ಮೇಲೆ. ನಮ್ಮ ಕಛೇರಿಯಲ್ಲಿ ಒಂದು ಕಾಗದ ಕಳೆದರೆ ಮೊದಲು ಕೇಳುವ ಪ್ರಶ್ನೆ “ಅದರ ನಕಲು ಎಲ್ಲೆಲ್ಲಿಗೆ ಹೋಗಿತ್ತು?” ಎಂದು. ಆ ಪ್ರಶ್ನೆಯನ್ನೇ ಇಲ್ಲೂ ಕೇಳಿಕೊಂಡೆ. ಉತ್ತರ ಸಿಕ್ಕಿದಾಗ, ನೂರಾರು ವರ್ಷದ ಹಿಂದಿನ ನನ್ನ ವೃತ್ತಿಬಾಂಧವರ ಮೇಲೆ ಗೌರವ ಹುಟ್ಟಿತು.

ವಿಷಯವೇನೆಂದರೆ, ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಅದರ ಪಾದ್ರಿಗಳು ತಾವು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಹೂಳುವಿಕೆಗಳನ್ನು ಚರ್ಚಿನ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಅಷ್ಟಕ್ಕೇ ಮುಗಿಯದೆ ಅದರ ನಕಲನ್ನು ಪ್ರಾಂತದ ರಾಜಧಾನಿಗೆ ಕಳಿಸಬೇಕಿತ್ತು. ರಾಜಧಾನಿಯಲ್ಲಿ ಗುಮಾಸ್ತರು ಎಲ್ಲ ಊರುಗಳ ನಕಲುಗಳನ್ನೂ ಒಟ್ಟುಗೂಡಿಸಿ, ಮತ್ತೊಂದು ಪ್ರತಿ ಮಾಡಿ, ಹಡಗಿನಲ್ಲಿ ಲಂಡನ್ನಿಗೆ ಕಳಿಸುತ್ತಿದ್ದರು. ಮದರಾಸು ಪ್ರಾಂತದ ಇಂಥ ಪುಸ್ತಕಗಳು ೧೬೯೮ರಿಂದ, ಮುಂಬಯಿಯವು ೧೭೦೯ರಿಂದ, ಬಂಗಾಳದವು ೧೭೧೩ರಿಂದ ಉಳಿದಿವೆ. ಕಂಪೆನಿ ಹೋಗಿ ರಾಣಿಯ ಸರಕಾರ ಬಂದರೂ ಪದ್ಧತಿ ನಿಲ್ಲಲಿಲ್ಲ. ಸ್ವಾತಂತ್ರ್ಯ ಬರುವವರೆಗೂ ನಡೆಯಿತು. ಈ ಪುಸ್ತಕಗಳೆಲ್ಲ ಇಂಡಿಯಾ ಆಫೀಸಿನ ದಫ್ತರದಲ್ಲಿದ್ದುವು. ಆ ದಫ್ತರ ೧೯೮೨ರಲ್ಲಿ ಬ್ರಿಟಿಷ್ ಲೈಬ್ರರಿಯ ವಶಕ್ಕೆ ಬಂತು.

ಹೀಗಾಗಿ ಒಂದು ಹೆಸರನ್ನು ಮೂರು ಕಡೆ ಹುಡುಕಬಹುದು. ಚರ್ಚಿನ ಮೂಲಪುಸ್ತಕ: ಚರ್ಚು ಬಿದ್ದರೆ ಅದು ಸಾಮಾನ್ಯವಾಗಿ ಅದರ ಬದಲಿಗೆ ಬಂದ ಚರ್ಚಿಗೋ ಆ ಸೀಮೆಯ ಬಿಷಪ್ಪರ ಕಛೇರಿಗೋ ಹೋಗುತ್ತದೆ. ಪ್ರಾಂತದ ರಾಜಧಾನಿಯಲ್ಲಿದ್ದ ಪ್ರತಿ ಎರಡನೆಯದು. ಲಂಡನ್ನಿನ ಪ್ರತಿ ಮೂರನೆಯದು. ಮೂರನೆಯದಕ್ಕಾಗಿ ಈಗ ಹಡಗು ಹತ್ತಬೇಕಾದ ಅಗತ್ಯವಿಲ್ಲ. ಫ್ಯಾಮಿಲಿಸರ್ಚ್ ಎಂಬ ಸಂಸ್ಥೆ ೧೭೧೯ರಿಂದ ೧೯೪೮ರ ವರೆಗಿನ ಭಾರತದ ಮರಣ–ಹೂಳುವಿಕೆಗಳ ಹೆಸರುಪಟ್ಟಿಯೊಂದನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಲು ಇಟ್ಟಿದೆ. ‘ಫಿಬಿಸ್’ ಎಂಬ ಸಂಘವೂ ಬ್ರಿಟಿಷ್ ಭಾರತದ ಕುಟುಂಬಗಳ ಹೆಸರುಗಳನ್ನು ಪುಕ್ಕಟೆಯಾಗಿಯೇ ತೋರಿಸುತ್ತದೆ. ಮೂಲ ಪುಟದ ಛಾಯಾಚಿತ್ರವನ್ನೇ ನೋಡಬೇಕಾದರೆ ‘ಫೈಂಡ್‌ಮೈಪಾಸ್ಟ್’ ಎಂಬಲ್ಲಿ ದುಡ್ಡು ಕಟ್ಟಬೇಕು. ಇನ್ನು ಗೋರಿಗಳ ಮೇಲಿನ ಬರಹವೇ ಬೇಕೆನ್ನುವವರಿಗೆ ೧೯೭೬ರಲ್ಲಿ ಹುಟ್ಟಿದ ‘ಬಾಕ್ಸಾ’ ಎಂಬ ಸಂಘ ದಕ್ಷಿಣ ಏಷ್ಯಾದ ಹಳೆಯ ಯೂರೋಪಿಯನ್ ಸ್ಮಶಾನಗಳ ವಿವರಗಳನ್ನು ಕೂಡಿಸುತ್ತ ಬಂದಿದೆ. ಮದರಾಸು ಪ್ರಾಂತದ ಗೋರಿಗಳ ಶಾಸನಗಳನ್ನು ಜೆ. ಜೆ. ಕಾಟನ್ ಎಂಬ ಐ.ಸಿ.ಎಸ್. ಅಧಿಕಾರಿ ೧೯೦೫ರಲ್ಲೇ ಪುಸ್ತಕ ಮಾಡಿದ್ದಾನೆ.

ನಮ್ಮ ತಪ್ಪುಗಳು

ಇಷ್ಟೆಲ್ಲ ತಿಳಿದ ಮೇಲೆ ನಾನೂ ಕಾಕಾರೂ ಭಾನುವಾರಗಳಂದು ನಮ್ಮ ಮನೆಯ ಗಣಕಯಂತ್ರದ ಮುಂದೆ ಕೂರತೊಡಗಿದೆವು. ನನ್ನಾಕೆ ಚಹ ತಂದಿಟ್ಟು, “ಸತ್ತವರನ್ನು ಹುಡುಕುವುದಕ್ಕೆ ರಜೆ ಸಿಗುತ್ತದೆ, ಇದ್ದವರ ಜೊತೆ ಕಲ್ಯಾಣದ ಪೇಟೆಗೆ ಬರುವುದಕ್ಕೆ ಸಿಗುವುದಿಲ್ಲ,” ಎಂದು ಹೇಳಿ ಹೋಗುತ್ತಿದ್ದಳು.

ಮೊದಲ ಮೂರು ಭಾನುವಾರ ಪೂರ್ತಿ ವ್ಯರ್ಥ. ಬೆಂಗಳೂರು ಮೈಸೂರು ಸಂಸ್ಥಾನದ್ದಲ್ಲವೇ ಎಂದು ನಾವು ಮೈಸೂರಿನ ಹೆಸರಿನಲ್ಲೇ ಹುಡುಕಿದೆವು. ಸಂಸ್ಥಾನ ಮಹಾರಾಜರದಾದರೂ ಪಾದ್ರಿಗಳ ಲೆಕ್ಕಪತ್ರ ಮದರಾಸಿಗೆ ಸೇರಿದ್ದು ಎಂಬುದು ಹೊಳೆಯಲಿಲ್ಲ. ಶಹಾಡಿನಲ್ಲಿ ಮನೆ, ಕಾಗದಪತ್ರಕ್ಕೆ ಮಾತ್ರ ಬೇರೆ ಊರಿಗೆ ಅಲೆದಾಟ ಎಂಬ ಅನುಭವವುಳ್ಳ ನನಗೇ ಇದು ಹೊಳೆಯದಿದ್ದುದು ನಾಚಿಕೆಯ ಮಾತು. ಆದ್ದರಿಂದ ಓದುಗರಿಗೆ ನನ್ನ ಮೊದಲ ಸೂಚನೆ: ಊರು ಯಾವ ರಾಜ್ಯದ್ದೆಂದು ನೋಡಬೇಡಿ, ಆ ಕಾಲದಲ್ಲಿ ಅದರ ಕಾಗದ ಯಾವ ಊರಿಗೆ ಹೋಗುತ್ತಿತ್ತೆಂದು ನೋಡಿ. ಧಾರವಾಡ, ಬೆಳಗಾವಿಗಳ ದಂಡಿನವರಾದರೆ ಮುಂಬಯಿ. ಬಳ್ಳಾರಿ, ಮಂಗಳೂರು, ಬೆಂಗಳೂರಿನವರಾದರೆ ಮದರಾಸು.

ಎರಡನೆಯ ತೊಡಕು ಹೆಸರಿನ ಕಾಗುಣಿತ. ಕಿವಿಗೆ ಕೇಳಿದ್ದನ್ನು ಪಾದ್ರಿ ಬರೆದ. ಪಾದ್ರಿ ಬರೆದದ್ದನ್ನು ಮದರಾಸಿನ ಗುಮಾಸ್ತ ತನಗೆ ಕಂಡಂತೆ ನಕಲು ಮಾಡಿದ. ಅವನು ಬರೆದದ್ದನ್ನು ನಮ್ಮ ಕಾಲದವರು ತಮಗೆ ತಿಳಿದಂತೆ ಓದಿ ಪಟ್ಟಿಗೆ ಏರಿಸಿದರು. ಮೂರು ಕೈ ದಾಟುವಷ್ಟರಲ್ಲಿ ಒಂದು ಹೆಸರು ನಾಲ್ಕು ಅವತಾರ ಎತ್ತಿತ್ತು. ಅಡ್ಡಹೆಸರನ್ನು ಬಿಟ್ಟು, ಬರಿಯ ಮೊದಲ ಹೆಸರು, ಊರು, ಹತ್ತು ವರ್ಷದ ಅವಧಿ ಇಷ್ಟನ್ನೇ ಇಟ್ಟುಕೊಂಡು ಹುಡುಕಿದಾಗ ಒಂಬತ್ತು ಜನ ಸಿಕ್ಕಿದರು. ಅವರಲ್ಲಿ ಮೂವರು ಕೂಸುಗಳು. ಆ ಕಾಲದ ಹೂಳುವಿಕೆಯ ಪುಟಗಳನ್ನು ನೋಡುವಾಗ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು: ವಯಸ್ಸಿನ ಅಂಕಣದಲ್ಲಿ ತಿಂಗಳುಗಳೂ ದಿನಗಳೂ ಸಾಲುಸಾಲಾಗಿ ಇರುತ್ತವೆ.

ಐದನೆಯ ವಾರ, ಒಂದು ತಿಂಗಳ ಚಂದಾ ಕಟ್ಟಿ ಮೂಲ ಪುಟವನ್ನು ತೆರೆದೆವು. ಉದ್ದುದ್ದ ಗೆರೆ ಎಳೆದ ಪುಟ. ಓರೆಯಾದ, ಸೊಗಸಾದ ಕೈಬರಹ. ಸತ್ತ ದಿನ, ಹೆಸರು, ವಯಸ್ಸು, ವೃತ್ತಿ, ರೋಗ, ಹೂಳಿದ ದಿನ, ಸ್ಥಳ, ಪಾದ್ರಿಯ ರುಜು. ೧೮೫೦ರ ದಶಕದ ಒಂದು ಮಾರ್ಚಿ ತಿಂಗಳು. ವಯಸ್ಸು ೫೮. ವೃತ್ತಿಯ ಅಂಕಣದಲ್ಲಿ ‘ಡ್ರಮ್ಮರ್, ಪೆನ್ಶನ್‌ದಾರ’. ರೋಗ ಜ್ವರ. ಸತ್ತ ಮರುದಿನ ಹೂಳಿದ್ದಾರೆ.

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. “ಇವನೇ ಇರಬೇಕು,” ಎಂದರು.

“ಇರಬೇಕು ಎಂದರೆ ಸಾಲದು ಕಾಕಾ,” ಎಂದೆ ನಾನು. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬನ ಪೆನ್ಶನ್ ಇನ್ನೊಬ್ಬನಿಗೆ ಸಂದಾಯವಾದರೆ ಏನಾಗುತ್ತದೆಂದು ಬಲ್ಲವನು ನಾನು. ಅವರ ಮನೆಯ ಹಳೆಯ ಬೈಬಲಿನ ಮೊದಲ ಹಾಳೆಯಲ್ಲಿ ಅಜ್ಜನ ತಾಯಿ ಹುಟ್ಟಿದ ತಾರೀಖು ಬರೆದಿತ್ತು. ಆ ತಾರೀಖಿನ ಹಿಂದೆಮುಂದೆ ದೀಕ್ಷಾಸ್ನಾನದ ಪುಟಗಳನ್ನು ತಿರುವಿದೆವು. ಸಿಕ್ಕಿತು. ಮಗುವಿನ ಹೆಸರು ಅದೇ, ಹುಟ್ಟಿದ ದಿನ ಅದೇ. ತಂದೆ: ಅದೇ ಹೆಸರಿನವನು, ಡ್ರಮ್ಮರ್. ಇನ್ನು ಸಂದೇಹಕ್ಕೆ ಎಡೆಯಿರಲಿಲ್ಲ. ತಾಯಿಯ ಅಂಕಣದಲ್ಲಿ ಅಡ್ಡಹೆಸರಿಲ್ಲದ ಒಂದೇ ಒಂದು ಹೆಸರು. ಆ ಹೆಣ್ಣುಮಗಳ ಹೆಸರು ಅಲ್ಲಿಯ ತನಕ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾಕಾ ಅದನ್ನು ಎರಡು ಸಲ ಬಾಯಿಯಲ್ಲಿ ಹೇಳಿ ನೋಡಿಕೊಂಡರು.

ಸಿಕ್ಕಿದ್ದು, ಸಿಗದಿದ್ದದ್ದು

ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಹೂಳಿದ ಸ್ಥಳದ ಅಂಕಣದಲ್ಲಿ ಬರೆದದ್ದು ‘ಬೆಂಗಳೂರು’ ಎಂದಷ್ಟೇ. ಕೋಟೆ ಎಂದಿಲ್ಲ, ದಂಡು ಎಂದೂ ಇಲ್ಲ. ಮನೆಯ ಮಾತು ನಿಜವಿರಬಹುದು. ರುಜುವಾತು ಇಲ್ಲ. ಸುಳ್ಳು ಸಮಾಧಾನ ಹೇಳಲು ನನಗೆ ಬಾಯಿ ಬರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದೆ. ಕಾಕಾ ಸ್ವಲ್ಪವೂ ಬೇಸರಪಡಲಿಲ್ಲ. “ಜಾಗ ಹೋದರೆ ಹೋಗಲಿ. ಮನುಷ್ಯ ಇದ್ದ ಅಂತ ಗೊತ್ತಾಯಿತಲ್ಲ,” ಎಂದರು.

ಅವರಿಗೆ ಬೇಸರವಾದದ್ದು ಬೇರೊಂದಕ್ಕೆ. ಆ ಡ್ರಮ್ಮರನ ಹೆಂಡತಿ ಯಾವಾಗ ಸತ್ತಳು? ಮುಂದಿನ ನಲವತ್ತು ವರ್ಷದ ಪಟ್ಟಿಯನ್ನು ಜಾಲಾಡಿದೆವು. ಅವಳು ಎಲ್ಲೂ ಇಲ್ಲ. ಗಂಡ ಕಂಪೆನಿಯ ಸಂಬಳ ಉಂಡವನು. ಅವನ ಹೆಸರು ಲಂಡನ್ನಿನ ತನಕ ಹೋಯಿತು. ಅವಳದು ಹೋಗಲಿಲ್ಲ. ಮಗಳ ದೀಕ್ಷಾಸ್ನಾನದ ದಿನ ಒಂದು ಸಲ ಪುಟದಲ್ಲಿ ಮುಖ ತೋರಿಸಿ ಮರೆಯಾದಳು.

ಆಗ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳಬೇಕು. ಈ ಪುಸ್ತಕಗಳು ಎಲ್ಲರ ಪುಸ್ತಕಗಳಲ್ಲ. ಬಹಾದುರ್ ಖಾನನೊಡನೆ ಕೋಟೆಯ ಗೋಡೆಯ ಮೇಲೆ ಸತ್ತ ಮೈಸೂರಿನ ಸಿಪಾಯಿಗಳ ಹೆಸರು ಯಾವ ಪಾದ್ರಿಯೂ ಬರೆಯಲಿಲ್ಲ. ಇಂಗ್ಲಿಷರ ಕಡೆಯಲ್ಲೇ ಹೋರಾಡಿ ಸತ್ತ ಹಿಂದೂ, ಮುಸಲ್ಮಾನ ಸಿಪಾಯಿಗಳದೂ ಅಲ್ಲಿಲ್ಲ. ಹಾಗೆಂದು ನಮ್ಮವರಿಗೆ ಸತ್ತವರ ಹೆಸರು ಉಳಿಸುವ ಅಭ್ಯಾಸವಿರಲಿಲ್ಲವೆಂದು ತಿಳಿಯಬಾರದು. ಬೆಂಗಳೂರು ಎಂಬ ಹೆಸರು ನಮಗೆ ಬಹು ಹಿಂದೆ ಕಾಣಸಿಗುವುದೇ ಬೇಗೂರಿನ ಒಂದು ಶಾಸನದಲ್ಲಿ; ಸುಮಾರು ೮೯೦ರದು; ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ಬರೆಸಿದ್ದು. ಆತಕೂರಿನಲ್ಲಿ ಹತ್ತನೆಯ ಶತಮಾನದವರು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ವೀರಗಲ್ಲು, ಮಾಸ್ತಿಕಲ್ಲು ಇಲ್ಲದ ಊರು ನಮ್ಮಲ್ಲಿ ಕಡಿಮೆ.

ಬರೆಯದೆ ಬಾಯಲ್ಲಿ ಉಳಿಸುವವರೂ ಇದ್ದರು. ನಮ್ಮೂರು ಗದಗಿನ ಕಡೆ. ನಮ್ಮ ತಾಯಿ ಹೇಳುತ್ತಿದ್ದರು: ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸಿಕೊಂಡು ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಏಳೆಂಟು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಕೇಳಿ ಸೇರಿಸಿಕೊಂಡು, ಕಾಳು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ. ಮದರಾಸಿನ ಗುಮಾಸ್ತ ಕಂಪೆನಿಯ ಹೆಳವ ಎಂದು ನಾನು ಕಾಕಾರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆದರೆ ಹೆಳವನಿಗೂ ಒಂದು ಕಷ್ಟವಿದೆ. ಅವನು ಊರಿನ ಮನೆಗೆ ಬರುತ್ತಾನೆ. ಆ ಮನೆಗೆ ಬೀಗ ಬಿದ್ದು, ಮನೆಯವರು ಡೊಂಬಿವಲಿಯ ನಾಲ್ಕನೆಯ ಮಜಲಿನಲ್ಲಿದ್ದರೆ ಅವನ ಎತ್ತು ಅಲ್ಲಿಗೆ ಹತ್ತುವುದಿಲ್ಲ.

ನಮ್ಮ ಪಾಲಿನ ಕೆಲಸ

ಪ್ರವಾಸಿ ಕನ್ನಡಿಗರಾದ ನಮಗೆ ಈ ಕಥೆ ಸಂಬಂಧಪಡುವುದು ಇಲ್ಲೇ. ಪರಊರಿನಲ್ಲಿ ಸತ್ತವರ ಹೆಸರು ಎರಡು ಊರಿನ ನಡುವೆ ಬಿದ್ದುಹೋಗುತ್ತದೆ. ನಮ್ಮ ದೇಶದ ಜನನ–ಮರಣ ನೋಂದಣಿಯ ಕಾಯಿದೆ ೧೯೬೯ರದು. ಅದರ ಪ್ರಕಾರ ಮರಣದ ದಾಖಲೆಯಾಗುವುದು ಮರಣ ಸಂಭವಿಸಿದ ಸ್ಥಳದಲ್ಲಿ, ಹುಟ್ಟೂರಿನಲ್ಲಿ ಅಲ್ಲ. ಕಲ್ಯಾಣದಲ್ಲಿ ತೀರಿಕೊಂಡವರ ಹೆಸರನ್ನು ಊರಿನ ಪಂಚಾಯಿತಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಿ ಸತ್ತರೆ ತಿಳಿಸುವ ಹೊಣೆ ಮನೆಯ ಹಿರಿಯರದು. ೨೧ ದಿನದೊಳಗೆ ತಿಳಿಸಬೇಕು. ತಡವಾದರೆ ದಂಡ, ಅನುಮತಿ ಎಂದು ದಾರಿ ಬೆಳೆಯುತ್ತದೆ; ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕು. ಹದಿಮೂರು ದಿನದ ಕರ್ಮಗಳಲ್ಲಿ ಒಂದು ಕರ್ಮ ಇದೂ ಎಂದು ತಿಳಿದರೆ ಮುಂದೆ ಹೊಲದ ವಾರಸಾ ಹಚ್ಚುವಾಗ ಮಕ್ಕಳು ಎರಡು ರಾಜ್ಯಗಳ ನಡುವೆ ಅಲೆಯುವುದು ತಪ್ಪುತ್ತದೆ. ಸರ್ಟಿಫಿಕೀಟು ಕೈಗೆ ಬಂದ ಕೂಡಲೇ ಹೆಸರಿನ ಕಾಗುಣಿತ ನೋಡಿ, ಅಲ್ಲೇ ತಿದ್ದಿಸಿ. ಎರಡು ಪ್ರತಿ ಹೆಚ್ಚು ತೆಗೆಸಿ, ಒಂದನ್ನು ಊರಿಗೆ ಕಳಿಸಿ.

ಆದರೆ ಸರಕಾರದ ಕಾಗದದಲ್ಲಿ ಇರುವುದು ಮನುಷ್ಯನ ಎಲುಬು ಮಾತ್ರ. ಯಾವ ಊರಿನಿಂದ ಬಂದಳು, ತವರು ಯಾವುದು, ಯಾವ ವರ್ಷ ಈ ಕಡೆ ಬಂದರು ಎಂಬುದನ್ನು ಬರೆಯಲು ಅಲ್ಲಿ ಅಂಕಣವಿಲ್ಲ. ಅದನ್ನು ನಾವೇ ಬರೆಯಬೇಕು. ಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಸಂಸ್ಥೆಯವರು ಮಾಡಿದ ಒಂದು ಏರ್ಪಾಡು ನನಗೆ ಮಾದರಿಯಾಗಿ ತೋರುತ್ತದೆ. ಪುಣೆಯ ಹತ್ತಿರದ ಖಡಕಿಯಲ್ಲಿ ಅವರದೊಂದು ಸ್ಮಶಾನವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದ ಮೂಲೆಮೂಲೆಯ ಸ್ಮಶಾನಗಳಲ್ಲಿ ಹೂಳಲ್ಪಟ್ಟು, ಈಗ ಗೋರಿಯನ್ನು ಕಾಪಾಡಲಾಗದ ೧,೮೦೦ಕ್ಕೂ ಹೆಚ್ಚು ಸೈನಿಕರಿಗೆ ಅಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ದೇಹ ಎಲ್ಲೋ ಇದೆ; ಹೆಸರು ಒಂದು ಕಡೆ ಕೂಡಿದೆ. ಅವರು ಕಲ್ಲಿನಲ್ಲಿ ಮಾಡಿದ್ದನ್ನು ನಾವು ಒಂದು ವಹಿಯಲ್ಲಿ ಮಾಡಬಹುದು.

ಕಾಕಾ ಹಾಗೆಯೇ ಮಾಡಿದ್ದಾರೆ. ಕಲ್ಯಾಣದ ಪೇಟೆಯಿಂದ ಗಟ್ಟಿ ರಟ್ಟಿನ ವಹಿಯೊಂದನ್ನು ತರಿಸಿದರು, ನಮ್ಮ ಕಛೇರಿಯ
ಆವಕ–ಜಾವಕ ವಹಿಯಂತೆ ನನ್ನ ಕೈಯಲ್ಲೇ ಗೆರೆ ಎಳೆಸಿದರು. ಅಂಕಣಗಳು ಎಂಟು. ಹೆಸರು, ತಂದೆತಾಯಿ, ಹುಟ್ಟಿದ ಊರು, ಈ ಕಡೆ ಬಂದ ವರ್ಷ, ಮಾಡಿದ ಕೆಲಸ, ತೀರಿಕೊಂಡ ದಿನ, ಹೂಳಿದ ಸ್ಥಳ, ಕೊನೆಯದು ಷರಾ. ಮೊದಲ ಸಾಲು ಡ್ರಮ್ಮರನದು. ಎರಡನೆಯದು ಅವನ ಹೆಂಡತಿಯದು: ಹೆಸರು ಬರೆದು, ಉಳಿದ ಅಂಕಣಗಳನ್ನು ಖಾಲಿ ಬಿಟ್ಟಿದ್ದಾರೆ. “ಅಳಿಸಬೇಡ, ಖಾಲಿಯೇ ಇರಲಿ, ಮೊಮ್ಮಕ್ಕಳು ಯಾರಾದರೂ ತುಂಬಿಸಿಯಾರು,” ಎಂದರು.

ತಮ್ಮ ಮನೆಯವರ ಸಾಲಿಗೆ ಬಂದಾಗ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡರು. ನಡುಗುವ ಕೈಯಲ್ಲಿ, ನಿಧಾನವಾಗಿ, ಕನ್ನಡದಲ್ಲಿ ಬರೆದರು. ‘ಮಾಡಿದ ಕೆಲಸ’ ಎಂಬ ಅಂಕಣದಲ್ಲಿ ಗೃಹಿಣಿ ಎಂದು ಬರೆಯುವರೆಂದು ನಾನು ನೋಡುತ್ತಿದ್ದೆ. ಅವರು ಬರೆದದ್ದು: ‘ನಲವತ್ತೊಂದು ವರ್ಷ ಹೊಲಿಗೆ, ಮೂರು ಮಕ್ಕಳ ಓದು.’ ಷರಾದ ಅಂಕಣದಲ್ಲಿ ಸ್ಮಶಾನದ ಸಾಲಿನ ಅಂಕಿಯನ್ನೂ ಗೋರಿಯ ಅಂಕಿಯನ್ನೂ ಬರೆದು, ಕೆಳಗೆ ರುಜು ಹಾಕಿದರು.

ಆಮೇಲೆ ವಹಿಯನ್ನು ನನ್ನ ಕಡೆ ಸರಿಸಿ, “ಗುಮಾಸ್ತರೇ, ಇದರ ಎರಡು ನಕಲು ಆಗಬೇಕು. ಒಂದು ಬೆಂಗಳೂರಿನ ತಂಗಿಗೆ, ಒಂದು ಮಗನಿಗೆ,” ಎಂದರು.

ನಕಲು ಮಾಡಿಕೊಟ್ಟಿದ್ದೇನೆ. ಅದೇ ವಾರ ಇನ್ನೊಂದು ವಹಿ ತಂದು ನಮ್ಮ ಮನೆಗೂ ಗೆರೆ ಎಳೆದೆ. ಅಜ್ಜಿಯ ತವರೂರು ಬರೆಯುವಲ್ಲಿಗೆ ಬಂದಾಗ ನನಗೆ ತಿಳಿಯಲಿಲ್ಲ. ಊರಿಗೆ ಫೋನು ಮಾಡಿ ತಾಯಿಯನ್ನು ಕೇಳಿ ಬರೆದುಕೊಂಡೆ. ಕೇಳಲು ತಾಯಿ ಇದ್ದಾರೆ ಎಂಬುದೇ ಭಾಗ್ಯ. ನಿಮ್ಮ ಮನೆಯಲ್ಲೂ ಕೇಳಲು ಯಾರಾದರೂ ಹಿರಿಯರಿದ್ದರೆ ಬರುವ ಭಾನುವಾರವೇ ಕೇಳಿ ಬರೆದಿಡಿ; ಒಂದು ನಕಲನ್ನು ಬೇರೆ ಮನೆಯಲ್ಲಿಡಿ.